ಟ್ಯಾಂಕಿನ ಮೇಲೆ ಟೀ ಲೋಟ

ಅಂಗಡಿಯಿಂದ,
ಗುರುವಾರ, ಮಾರ್ಚ್ ೧೨

ನಮ್ಮ ಮನೆಯ ಯಜಮಾನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ತಂಗಿ ಮುರಿದ ಕಾಲನ್ನು ಊರಿ ನಡೆಯುತ್ತಿದ್ದಾಳೆ ಎಂದು ಓದಿ, ನೀನು ಹೋಗಿ ನೋಡಿಕೊಂಡದ್ದು ಸಾರ್ಥಕವಾಯಿತೆಂದು ಸಮಾಧಾನವಾಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ, ಆದರೂ ಇತ್ತು. ನಿನ್ನ ಕಾಗದವನ್ನು ಸ್ಪ್ಯಾನರ್ ಡಬ್ಬದ ಕೆಳಗೆ ಇಟ್ಟುಕೊಂಡಿದ್ದೆ. ಅದರ ಅಂಚಿಗೆ ಎಣ್ಣೆ ಹತ್ತಿದೆ.

ನೀನು ನೇರವಾಗಿಯೇ ಕೇಳಿದ್ದೀಯ. "ಫೋನ್ ಮಾಡಿದ್ರೆ ಎತ್ತಲ್ಲ. ಎತ್ತಿದ್ರೆ ಹೂಂ, ಹೂಂ ಅಂತ ಇಟ್ಟುಬಿಡ್ತೀರಿ. ನಾನಿಲ್ಲದೆ ನಿಮಗೆ ಹಾಯಾಗಿದ್ರೆ ಬಾಯಿಬಿಟ್ಟು ಹೇಳಿ. ತಂಗಿ ಮೇಲಿನ ಕೋಣೆ ಖಾಲಿ ಮಾಡಿಸಿಕೊಡ್ತಾಳಂತೆ. ಇಲ್ಲೇ ಇದ್ದುಬಿಡ್ತೀನಿ." ಇದಕ್ಕೆ ಉತ್ತರ ಬರೆಯಲೆಂದೇ ಕೂತಿದ್ದೇನೆ. ಆದರೆ ಮೊದಲು ಒಂದು ಗಾಡಿಯ ವಿಷಯ ಬರೆಯದೆ ಅಲ್ಲಿಗೆ ಬರಲು ನನಗೆ ದಾರಿ ಕಾಣುತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರ ಹಳೇ ಮೋಟಾರ್ ಸೈಕಲ್ ನಿನಗೆ ಗೊತ್ತು, ಹಸಿರು ಟ್ಯಾಂಕಿನದು. ಓಡುವಾಗ ಅದರಷ್ಟು ಚೆನ್ನಾಗಿ ಓಡುವ ಗಾಡಿ ಇಲ್ಲ, ನಿಂತರೆ ಆರಿಹೋಗುತ್ತದೆ. "ಸಿಗ್ನಲ್‌ನಲ್ಲಿ ಕೈ ಸಡಿಲ ಬಿಟ್ಟೆ ಅಂದ್ರೆ ಮುಗೀತು ನೋಡಿ," ಎಂದರು ಮೇಷ್ಟ್ರು. "ಹಿಂದಿರೋರೆಲ್ಲ ಹಾರ್ನ್ ಹೊಡೆದು ಮೆರವಣಿಗೆ ಮಾಡ್ತಾರೆ ನಂಗೆ. ಅದಕ್ಕೇ ಈಗ ಎಲ್ಲೂ ನಿಲ್ಲಿಸೋದೇ ಇಲ್ಲ. ಬಲಕ್ಕೆ ಹೋಗಬೇಕಿದ್ರೂ ಎಡಕ್ಕೆ ತಿರುಗಿಸಿಕೊಂಡು ಸುತ್ತಿ ಬರ್ತೀನಿ." ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಕೆಲವು ತಿಂಗಳಿಂದ ನಾನೂ ಹಾಗೆಯೇ ಸುತ್ತುತ್ತಿದ್ದೇನೆ.

ಕಾರ್ಬ್ಯುರೇಟರ್‌ನಲ್ಲಿ ಎರಡು ದಾರಿ ಇರುತ್ತವೆ. ಓಡುವಾಗಿನ ಪೆಟ್ರೋಲಿಗೆ ದೊಡ್ಡದು. ನಿಂತಾಗ ಎಂಜಿನ್ ಜೀವ ಹಿಡಿದುಕೊಂಡಿರಲು ಕೂದಲೆಳೆಯಂಥ ಇನ್ನೊಂದು. ಗಾಡಿ ಬಹಳ ದಿನ ಸುಮ್ಮನೆ ನಿಂತರೆ ಪೆಟ್ರೋಲ್ ಆರಿ, ವಾರ್ನಿಶ್‌ನಂತಾಗಿ, ಆ ಸಣ್ಣ ದಾರಿಯನ್ನೇ ಮೊದಲು ಮುಚ್ಚುತ್ತದೆ. ಆ ದಾರಿಯ ಬಾಯಲ್ಲಿರುವ, ಸಣ್ಣ ತೂತಿನ ಹಿತ್ತಾಳೆಯ ಜೆಟ್ಟನ್ನು ಬಿಚ್ಚಿ, ತೊಳೆದು, ಗಾಳಿ ಹೊಡೆದು, ಕಿಟಕಿಗೆ ಹಿಡಿದು ನೋಡಿದೆ. ಬೆಳಕು ಚುಕ್ಕೆಯಾಗಿ ಕಂಡಿತು. ಸರಿಯಾಯಿತೆಂದು ಕೊಟ್ಟು ಕಳಿಸಿದೆ. ಮರುದಿನ ಮೇಷ್ಟ್ರು ಸಿಗ್ನಲ್‌ನಲ್ಲಿ ಮತ್ತೆ ಆರಿದ ಗಾಡಿಯನ್ನು ತಳ್ಳಿಕೊಂಡು ಬಂದರು.

ಪಕ್ಕದ ವೆಲ್ಡಿಂಗ್ ಅಂಗಡಿಯ ಗುಡುಗು ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. ಅವನ ಗಂಟಲಿಗೆ ನೀನೇ ಇಟ್ಟ ಹೆಸರಲ್ಲವೇ. "ಏನಣ್ಣ, ಬೀದಿ ತಿರುವಲ್ಲಿ ಗಾಡಿ ಬರ್ತಿದ್ದಂಗೇ ಕಾಯಿಲೆ ಹೇಳ್ತಿದ್ದೋನು ನೀನು. ಈಗ ಹೊಟ್ಟೆ ಬಗೆದು ನೋಡಿದ್ರೂ ಗೊತ್ತಾಗ್ತಿಲ್ವಾ? ಸೂಜಿ ಹಾಕಿ ತಿವಿ ಅತ್ಲಾಗೆ!"

ಸೂಜಿ ಹಾಕುವವರು ಬಹಳ ಜನ. ಹಿತ್ತಾಳೆ ಮೆತ್ತಗಿನದು, ತೂತು ಒಮ್ಮೆ ಅಗಲವಾದರೆ ಮತ್ತೆ ಕಿರಿದಾಗುವುದಿಲ್ಲ. ನಾನು ಹಾಕಲಿಲ್ಲ. ಜೆಟ್ ಶುದ್ಧವಾಗಿಯೇ ಇತ್ತು. ಮುಚ್ಚಿಕೊಂಡಿದ್ದು ಅದರ ಹಿಂದೆ, ಲೋಹದೊಳಗೆ ತಿರುಗಿ ಹೋಗುವ, ಹೊರಗಿನಿಂದ ಕಾಣದ ಓಣಿ. ಅಲ್ಲಿ ಬೆಳಕು ಹಿಡಿದು ನೋಡಲಾಗುವುದಿಲ್ಲ. ಕಾರ್ಬ್ಯುರೇಟರನ್ನು ದ್ರಾವಣದಲ್ಲಿ ನೆನೆಹಾಕಿ, ನಿನ್ನ ತಲೆಬಾಚುವ ಬ್ರಷ್ಷಿನಿಂದ ಒಂದು ನೈಲಾನ್ ಎಳೆ ಕಿತ್ತು ಓಣಿಯೊಳಗೆ ಮೆಲ್ಲಗೆ ಆಡಿಸಿದೆ. ಬೈಯಬೇಡ, ಕನ್ನಡಿಯ ಹತ್ತಿರ ಬಿಟ್ಟುಹೋದದ್ದು ನೀನು. ಎಳೆಯ ತುದಿಗೆ ಕಂದು ಅಂಟು ಬಂತು. ಎಳೆ ಕೀಳುವಾಗ ಬ್ರಷ್ಷಿನಿಂದ ನಿನ್ನದೊಂದು ಕೂದಲೂ ಬಂದಿತ್ತು, ಬಿಳಿಯದು. ಅದನ್ನು ಎಸೆಯಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ನಾಚಿಕೆಯಾಯಿತು. ಅಂಗಿಯ ಜೇಬಿನಲ್ಲಿದೆ.

ಆಮೇಲೆ ಉಳಿಯುವುದು ಗಾಳಿ-ಪೆಟ್ರೋಲಿನ ಹದ ಕೂರಿಸುವ ಸ್ಕ್ರೂ ತಿರುಗಿಸುವ ಕೆಲಸ. ತಿರುಗಿಸುತ್ತ ಹೋದಂತೆ ಎಂಜಿನ್ನಿನ ವೇಗ ಏರುತ್ತದೆ, ಒಂದು ಕಡೆ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಆ ತುದಿಯಲ್ಲಿ ನಿಲ್ಲಿಸಬೇಕು. ನಾನು ಟೀ ತರಿಸಿ, ಲೋಟವನ್ನು ಟ್ಯಾಂಕಿನ ಮೇಲಿಟ್ಟೆ. ಟೀಯ ಮೇಲೆ ಉಂಗುರಗಳೆದ್ದವು. ಅವು ಮೊದಲು ಒರಟಾಗಿ ಒಂದರ ಮೇಲೊಂದು ಬಿದ್ದು ಒಡೆಯುತ್ತಿದ್ದವು. ಸ್ಕ್ರೂ ತಿರುಗಿಸುತ್ತ ಬಂದೆ. ಒಂದು ಹಂತದಲ್ಲಿ ಅವು ಸಣ್ಣಗಾಗಿ, ಒತ್ತೊತ್ತಾಗಿ, ಕದಲದೆ ನಿಂತವು.

"ಗಾಡಿಗೆ ಟೀ ಕುಡಿಸ್ತಿದ್ದೀಯೇನಣ್ಣ?" ಎಂದ ಗುಡುಗು. "ಸಕ್ಕರೆ ಸಾಕಾ ಕೇಳು!"

ಮೇಷ್ಟ್ರು ನಗಲಿಲ್ಲ. ಅವರು ಆಕಾರ ನೋಡಿ ಬದುಕಿದವರು. ಲೋಟವನ್ನು ನೋಡಿದರು, ಆಮೇಲೆ ನನ್ನನ್ನು. ಹತ್ತಿರ ಬಂದು, ನನ್ನ ಮುಖಕ್ಕೆ ಎದುರಾಗಿ ನಿಂತು, ನಿಧಾನವಾಗಿ ಹೇಳಿದರು: "ಮನೆಯವರಿಗೆ ಹೇಳಿದ್ದೀರಾ?" ನಾನು ಟೀ ಆರಿಹೋಯಿತು ಎಂದೆ. ಅವರು ಗಾಡಿ ಹತ್ತಿ, ಬೀದಿ ಕೊನೆಯ ಸಿಗ್ನಲ್‌ನಲ್ಲಿ ನಿಂತು, ಕೈಯನ್ನು ಹಿಡಿಯಿಂದ ತೆಗೆದು ಮೇಲಕ್ಕೆತ್ತಿ ತೋರಿಸಿದರು. ಗಾಡಿ ಆರಿರಲಿಲ್ಲ.

ಮನೆಯಲ್ಲಿ ಎಲ್ಲ ಇದ್ದಂತೆಯೇ ಇದೆ. ಅಡುಗೆಮನೆಯ ನಲ್ಲಿಯನ್ನು ನಾನು ಬಿಟ್ಟೇ ಹೋಗಿದ್ದೆನಂತೆ. ಕೆಳಗಿನ ಮನೆಯಾಕೆ ಮೇಲೆ ಬಂದು ಜಗಳವಾಡಿದರು. ನಿನ್ನ ಕುಂಡಗಳಿಗೆ ಮಾತ್ರ ನೀರು ತಪ್ಪಿಲ್ಲ. ತಂಗಿಗೆ ನನ್ನ ಆಶೀರ್ವಾದ ಹೇಳು, ಮೆಟ್ಟಿಲಿನ ಮೇಲೆ ಅವಸರ ಬೇಡವೆನ್ನು. ನಿನಗೆ ಒಳ್ಳೆಯದಾಗಲಿ, ಎಲ್ಲಿದ್ದರೂ.

ನಿನ್ನವನೇ ಆದ,
ಮೆಕ್ಯಾನಿಕ್

ಮತ್ತೆ: 'ಎಲ್ಲಿದ್ದರೂ' ಎಂದು ಬರೆದದ್ದನ್ನು ಹೊಡೆದುಹಾಕಬೇಕೆಂದಿದ್ದೆ. ಬೇಡ, ಅದರ ಕೆಳಗೇ ನಿಜ ಬರೆಯುತ್ತೇನೆ. ಲೋಟ ಇಟ್ಟದ್ದು ತಮಾಷೆಗಲ್ಲ. ನನಗೆ ಕಿವಿ ಹೋಗುತ್ತಿದೆ. ಗುಡುಗಿನಂಥವರ ಗಂಟಲು ಕೇಳುತ್ತದೆ. ಸಣ್ಣ ದನಿಗಳು ಮೊದಲು ಹೋದವು, ನಿನ್ನದು ಎಲ್ಲಕ್ಕಿಂತ ಮೊದಲು. ಎದುರಿಗಿದ್ದಾಗ ನಿನ್ನ ತುಟಿ ನೋಡಿ ಸಾಗಿಸಿಕೊಂಡಿದ್ದೆ. ಫೋನಿನಲ್ಲಿ ನೀನು ಏನು ಹೇಳಿದೆಯೋ, ಯಾವುದಕ್ಕೆಲ್ಲ ನಾನು ಹೂಂ ಎಂದೆನೋ, ಒಂದೂ ಗೊತ್ತಿಲ್ಲ. ಕಿವಿಯಿಂದಲೇ ಅನ್ನ ತಿಂದವನು ಇದನ್ನು ಯಾರಿಗೆ ಹೇಳಲಿ ಎಂದು ಸುಮ್ಮನಿದ್ದೆ. ಗಾಡಿಯ ಮೇಲೆ ಲೋಟ ಇಡಬಹುದು, ನಿನ್ನ ದನಿಗೆ ಏನು ಇಡಲಿ? ಮೇಲಿನ ಕೋಣೆ ಬೇಡವೆಂದು ತಂಗಿಗೆ ಹೇಳು. ಬಂದು, ಬೆಳಕಿರುವ ಕಡೆ ನನ್ನೆದುರು ಕೂತು, ಇಷ್ಟು ದಿನದ್ದೆಲ್ಲ ಸೇರಿಸಿ ಬೈ. ಒಂದು ಮಾತೂ ಬಿಡದೆ ನೋಡುತ್ತೇನೆ.