ಲಗಮವ್ವ ಯಾಕೆ ಮರಳಿ ಹೋದಳು

ಇಳಕಲ್ಲ
9 ಆಗಸ್ಟ್ 2025

ಕಾದಂಬರಿಕಾರ್ತಿ ಶ್ರೀಮತಿ ಜಯಶ್ರೀ ಅವರಿಗೆ,

ಹೀಗೆ ಶುರು ಮಾಡಿದೆನೆಂದು ಬೇಜಾರಾಗಬೇಡ ಅವ್ವಾ. ನಿನಗೆ ಬರುತ್ತಿದ್ದ ಓದುಗರ ಪತ್ರಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಗುಳೇದಗುಡ್ಡದ ಬಾಡಿಗೆ ಮನೆಯಲ್ಲಿ, ಶಾಲೆ ಬಿಟ್ಟು ಬಂದ ಕೂಡಲೇ ಅವನ್ನು ಒಡೆದು ನಿನಗೆ ಓದಿ ಹೇಳುತ್ತಿದ್ದವಳು ನಾನೇ. ಇದು ಮಗಳ ಪತ್ರ ಅಲ್ಲ, ಓದುಗರ ಪತ್ರ ಎಂದು ತಿಳಿ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತಾಗುವುದರೊಳಗೆ ‘ಆಮ್ಯಾಲೆ ಮಾಡ್ತೇನಿ’ ಎಂದು ಇಟ್ಟುಬಿಡುತ್ತೀ.

ನಿನ್ನ ‘ಮರಳಿ ಗುಡ್ಡದೀಚೆಗೆ’ ಎರಡು ಸಲ ಓದಿದೆ. ಮೊದಲ ಸಲ ನಂಬಲಾಗದೆ. ಎರಡನೇ ಸಲ, ಎಲ್ಲಾದರೂ ಒಂದು ಕಾರಣ ಬರೆದಿದ್ದೀಯೇನೋ ಎಂದು ಹುಡುಕುತ್ತ.

ಇದರ ಮೊದಲ ಭಾಗ, ‘ಗುಡ್ಡದಾಚೆಯ ಮಗ್ಗ’, ಬಂದಾಗ ನನಗೆ ಹದಿನಾಲ್ಕು. ಕುಪ್ಪಸದ ಖಣ ನೇಯುವ ಲಗಮವ್ವನ ಕೈಮೇಲೆ ಗಂಡ ಕುದಿಯುವ ಗಂಜಿ ಸುರಿಯುತ್ತಾನೆ. ಮರುದಿನ ಮುಂಜಾನೆ ಆಕೆ ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಡ್ಡ ದಾಟಿ ಬಾದಾಮಿಗೆ ನಡೆದುಬಿಡುತ್ತಾಳೆ. ಬಾಗಿಲಲ್ಲಿ ನಿಂತು ಆಡಿದ ಮಾತು ನನಗೆ ಈಗಲೂ ಬಾಯಿಪಾಠ: ‘ಈ ಕೈಲೆ ನಿನಗ ಇನ್ನ ಒಂದು ರೊಟ್ಟಿ ಬಡಿಯೂದಿಲ್ಲ. ನಾ ಹೊಂಟೇನಿ.’ ಕಾಲೇಜಿನ ಏಕಪಾತ್ರಾಭಿನಯದಲ್ಲಿ ಇದನ್ನೇ ಆಡಿ ಮೊದಲ ಬಹುಮಾನ ತಂದೆ. ನನ್ನ ಗೆಳತಿಯರ ಕೋಣೆಯಲ್ಲಿ ಸಿನಿಮಾದವರ ಚಿತ್ರಗಳಿದ್ದವು. ನನ್ನ ಕಪಾಟಿನ ಬಾಗಿಲಿಗೆ ನಿನ್ನ ಪುಸ್ತಕದ ಮುಖಪುಟ ಅಂಟಿಸಿದ್ದೆ. ಅಪ್ಪನನ್ನು ಬಿಟ್ಟು ಶಿರೂರಿನಿಂದ ನಾವಿಬ್ಬರೇ ಬಸ್ಸು ಹತ್ತಿದಾಗ ನನಗೆ ಆರು ವರ್ಷವಾಗಿತ್ತಲ್ಲ, ಹಾಗಾಗಿ ಊರವರೆಲ್ಲ ಲಗಮವ್ವ ಅಂದರೆ ನೀನೇ ಎಂದರು. ನಾನೂ ಹಾಗೇ ಅಂದುಕೊಂಡು ಬೆಳೆದೆ.

ಅಂಥವಳನ್ನು ಈಗ ಏನು ಮಾಡಿದ್ದೀ? ಎರಡನೇ ಅಧ್ಯಾಯ ಮುಗಿಯುವಾಗ ಆಕೆ ಬಾದಾಮಿಯಲ್ಲಿ ನಾಲ್ಕು ಮಗ್ಗ ಹಾಕಿ ಆರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾಳೆ. ಮೂರನೇ ಅಧ್ಯಾಯದ ಮೊದಲ ಸಾಲಿನಲ್ಲಿ ಅದೇ ಗಂಡನ ಹೊಸ್ತಿಲಲ್ಲಿ ನಿಂತು ಅವನ ಕಾಲಿಗೆ ನೀರು ಹಾಕುತ್ತಿದ್ದಾಳೆ. ನಡುವೆ ಏನಾಯಿತು? ಒಂದು ಸಾಲಿಲ್ಲ. ಹನ್ನೊಂದನೇ ಅಧ್ಯಾಯದಲ್ಲಂತೂ ಬೀಗರ ಎದುರಿಗೇ ಅವನು ಕಪಾಳಕ್ಕೆ ಹೊಡೆಯುತ್ತಾನೆ. ನಿನ್ನ ಲಗಮವ್ವ ಸೆರಗು ಸರಿಮಾಡಿಕೊಂಡು, ‘ಅವ್ರದು ಜರಾ ಸಿಟ್ಟಿನ ಸ್ವಭಾವ ಐತ್ರಿ, ಚಾ ಕುಡೀರಿ’ ಅನ್ನುತ್ತಾಳೆ! ಆ ಪುಟ ಓದಿ ಪುಸ್ತಕ ಮುಚ್ಚಿಟ್ಟೆ. ಇಂಥ ಹಲ್ಕಾ ಮಾತು ಆ ಬಾಯಿಂದ ಹೇಗೆ ಆಡಿಸಿದೆ? ಇನ್ನು ಸೊಂಟದ ಮೇಲಿದ್ದ ಮಗಳು? ‘ಮಗಳನ್ನು ಕೊಟ್ಟ ಮೇಲೆ’ ಎಂಬ ಮೂರು ಪದದಲ್ಲಿ ಅವಳ ಕಥೆಯೇ ಮುಗಿದುಹೋಗಿದೆ. ಅವಳು ಇದ್ದಿದ್ದರೆ ತಾಯಿಯನ್ನು ಹೋಗಗೊಡುತ್ತಿದ್ದಳೇ?

ನಮ್ಮ ಮನೆಯಲ್ಲಿ ಮಾತ್ರ ನಿನ್ನ ಪುಸ್ತಕಕ್ಕೆ ಭಾಳ ಮರ್ಯಾದೆ. ನಿನ್ನ ಅಳಿಯ ಯುವರಾಜ ಅವರು ಓದಿ, ಈಗ ನಿಮ್ಮವ್ವನಿಗೆ ಬುದ್ಧಿ ಬಂತು ನೋಡು ಎಂದರು. ಅತ್ತೆಯವರು ಹತ್ತು ಪ್ರತಿ ತರಿಸಿ ತಮ್ಮ ಬಳಗದ ಸೊಸೆಯಂದಿರಿಗೆಲ್ಲ ಹಂಚಿದ್ದಾರೆ. ಇದಕ್ಕಿಂತ ದೊಡ್ಡ ಬಹುಮಾನ ನಿನಗೆ ಬೇಕಿಲ್ಲ.

ಆದರೆ ಬೋರವ್ವನ ವಿಷಯ ಹೇಳದೆ ಇರಲಾರೆ. ಇಲ್ಲಿ ಒಂದು ಸೀರೆ ಕಾರ್ಖಾನೆಯಲ್ಲಿ ನೂಲು ಸುತ್ತುವ ಹೆಣ್ಣುಮಗಳು. ನಾನು ನಡೆಸುವ ಓದುಗರ ಕೂಟಕ್ಕೆ ಬರುತ್ತಾಳೆ. ಎರಡು ವರ್ಷದ ಹಿಂದೆ ಮೊದಲ ಭಾಗವನ್ನು ನಾನೇ ಅವಳ ಕೈಗೆ ಕೊಟ್ಟೆ. ಆಗ ಹುನಗುಂದದ ಕಡೆಯ ಹಳ್ಳಿಯಿಂದ ದಿನಾ ಕೆಲಸಕ್ಕೆ ಬಂದು ಹೋಗುತ್ತಿದ್ದಳು. ಓದಿದ ತಿಂಗಳಿಗೆ, ಅಲ್ಲಿ ಹೊಡೆಯುವ ಗಂಡನನ್ನು ಬಿಟ್ಟು ಇಳಕಲ್ಲಿನ ಅಣ್ಣನ ಮನೆಗೆ ಬಂದಳು. ಕಳೆದ ತಿಂಗಳ ಕೂಟದಲ್ಲಿ ನಿನ್ನ ಎರಡನೇ ಭಾಗದ ಮಾತು ನಡೆದಾಗ ಎದ್ದು ನಿಂತು, ‘ಹಂಗಾರ ನಾನೂ ಹೊಳ್ಳಿ ಹೋಗಬೇಕೇನ್ರಿ ಅಕ್ಕಾರ?’ ಎಂದು ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು. ಲಗಮವ್ವನ ಮಗಳು ಎಂದೇ ಅವರಿಗೆಲ್ಲ ನನ್ನ ಗುರುತು. ‘ಅದು ಕಥಿ ಬೋರವ್ವ, ಮನಸಿಗೆ ಹಚಗೋಬ್ಯಾಡ’ ಎಂದೆ. ಅದಕ್ಕೆ ಆಕೆ, ‘ಮೊದಲನೇದೂ ಕಥೀನ ಇತ್ತಲ್ರಿ’ ಎಂದಳು.

ಅದೇ ವಾರ ಗಂಡನ ಮನೆಗೆ ಹೋದಳು. ಈಗ ನಿಮ್ಮ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ಮಲಗಿದ್ದಾಳೆ. ಒಂದು ಕಿವಿ ಇನ್ನು ಕೇಳಿಸುವುದಿಲ್ಲವಂತೆ. ನಾನು ನೋಡಲು ಹೋಗಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ನಿನ್ನ ಪುಸ್ತಕ ಮಾಡಿದ ಕೆಲಸಕ್ಕೆ ನಾನು ತಲೆ ತಗ್ಗಿಸಬೇಕಾಗಿದೆ.

ನೀನು ಅಪ್ಪನ ಜೊತೆ ಇರುವುದು ನಿನ್ನ ಸಂಸಾರದ ವಿಷಯ. ಯಾವುದೋ ಸಂದರ್ಭಕ್ಕೆ ಬಂದರು, ಉಳಿದರು, ನೀನೂ ಹೊಂದಿಕೊಂಡೆ. ಅದನ್ನು ಇಲ್ಲಿ ಎಳೆದು ತರಬೇಡ. ನನ್ನ ಜಗಳ ಇಷ್ಟೇ. ನೀನು ಸೋತರೆ ಸೋಲು, ನಿನ್ನ ಜೊತೆ ಲಗಮವ್ವನನ್ನು ಯಾಕೆ ಕೆಡವಿದೆ? ನೀನು ಮುದುಕಿಯಾಗಿದ್ದೀ ಅವ್ವಾ. ಅಂಜುಬುರುಕಿಯೂ ಆಗಿದ್ದೀ. ಆಕೆ ಎರಡೂ ಆಗಿರಲಿಲ್ಲ. ಮೂರನೇ ಭಾಗ ಬರೆ, ಆಕೆಯನ್ನು ಆ ಮನೆಯಿಂದ ಹೊರಗೆ ತಾ. ಅದು ಆಗದಿದ್ದರೆ ಇನ್ನು ಪೆನ್ನು ಮುಟ್ಟಬೇಡ.

ಒಂದು ಕಾಲದ ನಿನ್ನ ಅಭಿಮಾನಿ,
ವಿದ್ಯಾ


ನವನಗರ, ಬಾಗಲಕೋಟೆ
20 ಆಗಸ್ಟ್ 2025

ವಿದ್ಯಾ,

ನಿನ್ನ ಪತ್ರ ಹನ್ನೆರಡನೇ ತಾರೀಖಿಗೆ ಮುಟ್ಟಿತು. ಓದಿದವಳಾಗಿ ಕೇಳಿದ್ದೀ, ಬರೆದವಳಾಗಿಯೇ ಉತ್ತರ ಕೊಡುತ್ತೇನೆ.

ನಡುವೆ ಒಂದು ಸಾಲಿಲ್ಲ ಎಂದಿದ್ದೀ. ಖರೆ. ಅಲ್ಲಿ ಒಂದು ಇಡೀ ಅಧ್ಯಾಯವಿತ್ತು. ಅಚ್ಚಿಗೆ ಕಳಿಸುವ ಮೊದಲು ನಾನೇ ತೆಗೆದೆ. ಯಾರ ಸಲುವಾಗಿ ತೆಗೆದೆ ಎಂದು ನಿನಗೆ ಗೊತ್ತು. ಗೊತ್ತಿದ್ದೂ ಕೇಳಿದ್ದೀ. ಆದ್ದರಿಂದ ಅದರಲ್ಲಿ ಇದ್ದದ್ದನ್ನು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಇಳಕಲ್ಲಿನ ಸೀರೆ ಅಂಗಡಿಯವರು ಮಗಳನ್ನು ನೋಡಿ ಒಪ್ಪಿದರು. ಆದರೆ ಲಗ್ನದಲ್ಲಿ ಹೆಣ್ಣಿನ ತಂದೆ ಕೂಡಲೇಬೇಕು, ಗಂಡನನ್ನು ಬಿಟ್ಟವಳ ಮಗಳನ್ನು ತಂದರೆಂದು ಜನ ಆಡಿಕೊಳ್ಳಬಾರದು ಎಂದರು. ತಾಯಿ ಒಲ್ಲೆ ಎಂದಳು. ಸೋದರಮಾವ ಕೂಡಲಿ ಎಂದಳು. ಮಗಳು ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಬಾಯಿ ಬಿಟ್ಟಳು: ‘ನಿನ್ನ ಕಾದಂಬರಿ ಸಲುವಾಗಿ ನಾ ಯಾಕ ಲಗ್ನ ಇಲ್ಲದ ಕೂಡ್ಲಿ? ಅಪ್ಪ ಹೊಡೀತಿದ್ದ ಅಂತ ನೀ ಹೇಳ್ತಿ. ನಾ ಏನ್ ನೋಡೇನೇನು?’

ನೋಡಿದ್ದೀ ವಿದ್ಯಾ. ಜೋಳದ ಚೀಲದ ಹಿಂದೆ ಕೂತು ಎಲ್ಲವನ್ನೂ ನೋಡಿದ್ದೀ. ಶಿರೂರಿನಿಂದ ಗುಳೇದಗುಡ್ಡ ಬರುವವರೆಗೆ ಬಸ್ಸಿನಲ್ಲಿ ನನ್ನ ತುಟಿಯ ರಕ್ತವನ್ನು ನಿನ್ನ ಲಂಗದಿಂದ ಒರೆಸಿದವಳು ನೀನು. ಆ ಮಾತು ಕೇಳಿದ ದಿನವೇ ಒಲ್ಲೆ ಎನ್ನುವುದನ್ನು ಬಿಟ್ಟೆ.

ಆಮೇಲೆ ಮಗಳು ತಾನೇ ಶಿರೂರಿಗೆ ಹೋಗಿ ತಂದೆಯನ್ನು ಕರೆದುಕೊಂಡು ಬಂದಳು. ಲಗ್ನದ ಒಂದು ದಿನಕ್ಕೆ ಬಾ ಎಂದು ಕರೆಯಲಿಲ್ಲ. ‘ಇನ್ನ ಮ್ಯಾಲೆ ಅವ್ವ ಒಬ್ಬಾಕಿನ ಆಗ್ತಾಳ, ನೀ ಅಲ್ಲೇ ಇರು’ ಎಂದು ಕರೆದಳು. ಇದನ್ನು ಅವರೇ ನನಗೆ ಎಷ್ಟೋ ಸಲ ನಗುತ್ತ ಹೇಳಿದ್ದಾರೆ. ‘ಯಾವುದೋ ಸಂದರ್ಭಕ್ಕೆ ಬಂದರು’ ಎಂದು ಬರೆದಿದ್ದೀಯಲ್ಲ, ಆ ಸಂದರ್ಭದ ಹೆಸರು ನೀನು.

ಇನ್ನು ಹನ್ನೊಂದನೇ ಅಧ್ಯಾಯ. ಲಗ್ನವಾದ ತಿಂಗಳಿಗೆ ನಿನ್ನ ಅತ್ತೆ ಮಾವ ನಮ್ಮ ಮನೆಗೆ ಬಂದಿದ್ದರು. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ನಿಮ್ಮ ಅಪ್ಪ ಅವರ ಎದುರಿಗೇ ನನ್ನ ಕಪಾಳಕ್ಕೆ ಹೊಡೆದರು. ಬೀಗರು ಕಪ್ಪು ಹಿಡಿದುಕೊಂಡು ಗೋಡೆ ನೋಡುತ್ತ ಕೂತರು. ಆಗ ಬಿಸ್ಕೀಟಿನ ತಾಟು ಮುಂದೆ ಸರಿಸಿ, ‘ಅಪ್ಪಂದು ಜರಾ ಸಿಟ್ಟಿನ ಸ್ವಭಾವ ಐತ್ರಿ, ಚಾ ಕುಡೀರಿ’ ಎಂದವಳು ಯಾರು? ನೀನು ಹಲ್ಕಾ ಎಂದ ಮಾತು ನಾನು ಹುಟ್ಟಿಸಿದ್ದಲ್ಲ. ನಿನ್ನ ಬಾಯಿಂದ ತೆಗೆದು ಲಗಮವ್ವನ ಬಾಯಲ್ಲಿ ಇಟ್ಟೆ. ಆಕೆಗೆ ಅದು ಒಪ್ಪಲಿಲ್ಲ, ಅಷ್ಟು ಸರಿಯಾಗಿ ಓದಿದ್ದೀ. ನಿನಗೆ ಚೆನ್ನಾಗಿ ಒಪ್ಪಿತ್ತು.

ಹದಿಮೂರರಂದು ನಾನು ಕಲಿಸುವ ಶಾಲೆಗೆ ರಜೆ ಹಾಕಿ ಬೋರವ್ವನನ್ನು ನೋಡಲು ಹೋದೆ. ನಾನು ಯಾರೆಂದು ಹೇಳಿದಾಗ ಕೇಳಿಸುವ ಕಿವಿಯನ್ನು ನನ್ನ ಕಡೆ ಹೊರಳಿಸಿ ಮಲಗಿದಳು. ನನ್ನ ಪುಸ್ತಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೂಟದ ಮರುದಿನದ ಮಾತು ಆಡಿದಳು. ಅಣ್ಣ ಹೊರಗೆ ಹಾಕಿದ್ದಾನೆಂದು ಬಟ್ಟೆಯ ಗಂಟು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬಂದಿದ್ದಳಂತೆ. ಬೇರೆ ಖೋಲಿ ಸಿಗುವವರೆಗೆ ಎಂಟು ದಿನ ಇರಲು ಜಾಗ ಕೊಡ್ರಿ ಎಂದಳಂತೆ. ನೀನು ಬಾಗಿಲಿನಲ್ಲೇ ನಿಲ್ಲಿಸಿ, ‘ನಮ್ಮ ಅತ್ತಿಯವ್ರಿಗೆ ಸರಿ ಬರೂದಿಲ್ಲ. ಹೊಂದಕೊಂಡು ಹೋಗವಾ’ ಎಂದೆಯಂತೆ.

ನನಗೆ ಆಶ್ಚರ್ಯವಾಗಲಿಲ್ಲ. ಲಗ್ನದ ಮೂರನೇ ತಿಂಗಳಿಗೆ ನಾನು ಎದುರು ಮನೆಯ ಅಯೂಬ ಅಣ್ಣನ ಫೋನಿನಿಂದ ಅಳುತ್ತ ನಿನಗೆ ಹಚ್ಚಿದಾಗ ನೀನು ಇವೇ ಪದ ಆಡಿದ್ದೀ. ಆಗಲೂ ಅತ್ತೆಯವರ ಹೆಸರೇ ಹೇಳಿದ್ದೀ. ಬೋರವ್ವ ನನ್ನ ಎರಡನೇ ಭಾಗ ಓದಿ ಗಂಡನ ಮನೆಗೆ ಹೋಗಲಿಲ್ಲ. ಮೊದಲ ಭಾಗ ಓದಲು ಕೊಟ್ಟವಳು ಬಾಗಿಲು ಹಾಕಿಕೊಂಡಳು, ಅದಕ್ಕೆ ಹೋದಳು. ಇದನ್ನು ನನಗೆ ಬರೆಯುವಾಗ ಬಿಟ್ಟಿದ್ದೀ. ಅಧ್ಯಾಯ ತೆಗೆಯುವ ಕೆಲಸ ನಿನಗೂ ಬರುತ್ತದೆ.

ಅಂದು ದವಾಖಾನೆಯಿಂದ ಮನೆಗೆ ಬರುವುದು ತಡವಾಯಿತು. ಮಾಳಿಗೆಯ ಮೆಟ್ಟಿಲಿನಿಂದ ಬಿದ್ದೆ ಎಂದು ಮರುದಿನ ಅದೇ ದವಾಖಾನೆಯಲ್ಲಿ ಬರೆಸಿದ್ದೇನೆ. ಎಡಗಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಕೂತಲ್ಲೇ ಕೂತಿರುವುದರಿಂದ ಬರೆಯಲು ಪುರುಸೊತ್ತು ಸಿಕ್ಕಿದೆ.

ಮೂರನೇ ಭಾಗ ಬರೆಯುವುದಿಲ್ಲ. ಎರಡನೇ ಭಾಗದ ಹೊಸ ಮುದ್ರಣ ಬರಲಿದೆ. ತೆಗೆದ ಅಧ್ಯಾಯವನ್ನು ಅದರಲ್ಲಿ ಸೇರಿಸಲು ಪ್ರಕಾಶಕರು ಒಪ್ಪಿದ್ದಾರೆ. ಇಷ್ಟು ದಿನ ಲಗಮವ್ವನ ಮಗಳಿಗೆ ಹೆಸರಿರಲಿಲ್ಲ, ಈಗ ಇಟ್ಟಿದ್ದೇನೆ. ಹೆಸರು ವಿದ್ಯಾ. ಕೊಟ್ಟ ಊರು ಇಳಕಲ್ಲ, ಮನೆತನ ಸೀರೆ ಅಂಗಡಿಯವರದು. ನಿನ್ನ ಅತ್ತೆಯವರಿಗೆ ಹಂಚಲು ಹತ್ತು ಪ್ರತಿ ನಾನೇ ಕಳಿಸುತ್ತೇನೆ. ಬೋರವ್ವನಿಗೂ ಒಂದು.

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಆ ಬಾಡಿಗೆ ಮನೆಯಲ್ಲಿ ನೀನು ಪತ್ರ ಓದಿ ಹೇಳುತ್ತಿದ್ದ ದನಿಗೆ ಮರುಳಾಗಿಯೇ ನಾನು ಬರೆಯುವವಳಾಗಿ ಉಳಿದೆ. ಆದರೆ ಬರೆದು ಮುಗಿಸಿದ್ದೇನೆ. ಈ ಪತ್ರವನ್ನೂ, ಆ ಅಧ್ಯಾಯವಿರುವ ಪ್ರಕಾಶಕರ ಲಕೋಟೆಯನ್ನೂ ಅಯೂಬ ಅಣ್ಣನ ಕೈಯಲ್ಲಿ ಟಪಾಲಿಗೆ ಕೊಡುತ್ತಿದ್ದೇನೆ.

ನಿನ್ನ ಅವ್ವ,
ಜಯಶ್ರೀ

ತಾ.ಕ.: ಚಿ. ವಿದ್ಯಾಳಿಗೆ ಆಶೀರ್ವಾದ. ಇದು ನಿಮ್ಮ ಅಪ್ಪನ ಅಕ್ಷರ. ಅಯೂಬ ಎರಡು ಲಕೋಟೆ ಹಿಡಿದುಕೊಂಡು ಹೊರಟಿದ್ದ. ನಾನೂ ಆ ಕಡೆಗೇ ಹೊರಟಿದ್ದೇನೆಂದು ಹೇಳಿ ಇಸಿದುಕೊಂಡೆ. ಎರಡನ್ನೂ ಒಡೆದು ಓದಿದೆ. ಪ್ರಕಾಶಕರಿಗೆ ಬರೆದದ್ದನ್ನು ಸುಟ್ಟಿದ್ದೇನೆ. ಆ ಅಧ್ಯಾಯ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದ ನೋಟುಬುಕ್ಕನ್ನೂ ಸುಟ್ಟಿದ್ದೇನೆ. ಇದನ್ನು ಮಾತ್ರ ನಿನಗೆ ಹಾಕುತ್ತಿದ್ದೇನೆ, ನಿಮ್ಮವ್ವನ ಮನಸ್ಸು ಹೇಗಿದೆ ಎಂದು ನಿನಗೆ ತಿಳಿದಿರಲಿ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ, ಧೈರ್ಯವಾಗಿರು. ನನ್ನನ್ನು ಈ ಮನೆಗೆ ಕರೆತಂದವಳು ನೀನು, ನಾನು ಉಪಕಾರ ಮರೆಯುವವನಲ್ಲ. ದೀಪಾವಳಿಗೆ ಅಳಿಯಂದಿರನ್ನು ಕರೆದುಕೊಂಡು ಬಾ. ಪ್ರಕಾಶಕರ ಲಕೋಟೆ ಟಪಾಲಿಗೆ ಬಿತ್ತೆಂದೇ ಆಕೆ ತಿಳಿದುಕೊಂಡಿದ್ದಾಳೆ. ನಾನು ಹೇಳಿಲ್ಲ. ನೀನೂ ಹೇಳಬೇಡ.
– ಅಂದಾನಪ್ಪ