ಅರ್ಧ ಲೋಟ ಸುರಕುಂಬ

ಅವ್ವಾ,

ತೊಟ್ಟಿಲು ತೂಗುವಾಗ ನೀನು ‘ಉಂಡ ಕೂಸಿನ ಮೊಗ ಚೆಂದ’ ಅಂತ ಹಾಡುತ್ತಿದ್ದೆಯೋ, ‘ನಕ್ಕ ಕೂಸಿನ ಮೊಗ’ ಅಂತಲೋ? ಕೇಳೋಣವೆಂದರೆ ನೀನಿಲ್ಲ.

ನನ್ನ ಮಗಳು ಗಂಗೋತ್ರಿಯ ತೂಕ ಏರಿದ್ದಕ್ಕೆ ನಿನ್ನ ತುಪ್ಪದ ಮಿಳ್ಳೆಯೇ ಕಾರಣ ಎಂದು ಚನ್ನಗಿರಿಯ ಡಾಕ್ಟರ ಎದುರೇ ಅಂದುಬಿಟ್ಟೆ. ಅಂದಿನಿಂದ ಮೊಮ್ಮಗಳ ಜೊತೆ ನೀನೂ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೇ ಬಿಟ್ಟೆ.

ಈಗ ಮನೆಮಂದಿಗೆಲ್ಲ ಒಂದೇ ಊಟ, ಮುದ್ದೆ, ಸೊಪ್ಪು. ದಿನಾ ಸಂಜೆ ಪಕ್ಕದ ಮನೆಯ ಅಖ್ತರ್‌ಬೀ ತಮ್ಮ ಮಗಳ ಜೊತೆ ಹಗ್ಗ ಜಿಗಿಯಲು ಗಂಗೋತ್ರಿಯನ್ನು ಕರೆಯುತ್ತಾರೆ. ಮೊದಲು ಮೂರಕ್ಕೇ ಏದುಸಿರು ಬಿಡುತ್ತಿದ್ದವಳು ಇವತ್ತು ನಿಲ್ಲದೆ ಐವತ್ತು ಜಿಗಿದಳು. ಹಟ ನಿನ್ನದೇ.

ಆಮೇಲೆ ಅಖ್ತರ್‌ಬೀ ಇವಳಿಗೆಂದು ರಂಜಾನ್ ಹಬ್ಬದ ಶಾವಿಗೆ ಪಾಯಸ, ಸುರಕುಂಬ ತಂದರು, ಅರ್ಧವೇ ಲೋಟ. ಇವಳ ಪಥ್ಯವನ್ನು ಎಷ್ಟು ನೆನಪಿಟ್ಟುಕೊಂಡಿದ್ದೀರಿ ಎಂದೆ. ಬಾಗಿಲಲ್ಲೇ ನಕ್ಕರು.

“ನಂದೇನೈತೆ ಇದ್ರಾಗೆ? ನಿಮ್ಮವ್ವನೇ ಹೇಳಿದ್ರು, ‘ಕೂಸಿಗೆ ತಿನ್ನಾಕೆ ಅರ್ಧ ಕೊಡ್ರಿ, ಆಡಾಕೆ ಮಾತ್ರ ದಿನಾ ಕರೀರಿ’ ಅಂತ.”