ಬೀಗರ ಷೇರು ಮತ್ತು ನಿಂತುಹೋದ ನನ್ನ ಮದುವೆ

ಪೇಟೆಂಟ್ ತಕರಾರು ಕೇಳುತ್ತಿರುವ ಮಾನ್ಯ ಅಧಿಕಾರಿಗಳೇ,

ತಾವು ವಿಚಾರಣೆ ಮುಂದೂಡಿದಾಗಲೆಲ್ಲ ನನ್ನ ಮದುವೆಯೂ ಮುಂದಕ್ಕೆ ಹೋಗುತ್ತಿದೆ. ಒಮ್ಮೆ ವಕೀಲರಿಗೆ ಜ್ವರ, ಒಮ್ಮೆ ಕಡತದ ಪುಟ ಮಸುಕು. ತಮ್ಮ ಮುಂದಿರುವ ಕಡತದಲ್ಲಿ ನನ್ನ ಹೆಸರಿಲ್ಲವಾದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಸ್ಕೂಟರ್ ಬ್ಯಾಟರಿಯನ್ನು ತಣ್ಣಗಿಡುವ ಉಪಾಯ ಮೊದಲು ಹೊಳೆದದ್ದು ಯಾರಿಗೆ ಎಂದು ಎರಡು ಕಂಪನಿಗಳು ತಮ್ಮೆದುರು ಕಿತ್ತಾಡುತ್ತಿವೆಯಷ್ಟೆ. ನಮ್ಮಪ್ಪ ಮುನಿಆಂಜನಪ್ಪನವರು ಮನೆಗಳ ಬಾಡಿಗೆ ದುಡ್ಡಲ್ಲಿ ಒಂದು ಕಂಪನಿಯ ಷೇರು ಕೊಂಡಿದ್ದಾರೆ. ಹಲಸೂರಿನ ನನ್ನ ಭಾವಿ ಮಾವ ಮುನಿರಾಜ್ ಅವರು ಇನ್ನೊಂದರದ್ದು. ನಿಶ್ಚಿತಾರ್ಥದ ದಿನ ಇದು ಯಾರಿಗೂ ತಿಳಿದಿರಲಿಲ್ಲ. ಜಾತಕ ನೋಡಿದೆವು, ಷೇರು ನೋಡುವುದನ್ನು ಮರೆತೆವು.

ಒಂದು ವಾಯಿದೆಯಲ್ಲಿ ತಾವು ನಮ್ಮ ಕಡೆಯ ವಕೀಲರನ್ನು “ಆಮೇಲೆ?” ಎಂದು ಕೇಳಿದಿರಂತೆ. ಅಷ್ಟಕ್ಕೇ ನಮ್ಮ ಷೇರು ಮಕಾಡೆ ಮಲಗಿತು. ಒಂದು ಪದಕ್ಕೆ ಹೂಡಿಕೆದಾರರು ಇಷ್ಟು ಬೆದರಿದರೆ, ತಾವು ಪೂರ್ತಿ ವಾಕ್ಯ ಹೇಳಿದ ದಿನ ಗತಿಯೇನು? ಅದೇ ಸಂಜೆ ಮುನಿರಾಜ್ ಮಾವನ ಮನೆಯಿಂದ ಮೈಸೂರು ಪಾಕ್ ಬಂತು. ಅವರ ಮಗಳಿಗೆ ಹೆರಿಗೆಯಾದ ಸಂತೋಷಕ್ಕೆ ಕಳಿಸಿದ್ದು. ಅಪ್ಪ ಡಬ್ಬಿಯನ್ನೇ ತೆರೆಯಲಿಲ್ಲ. “ನಮ್ಮ ಷೇರ್ ಬಿದ್ದಿರೋ ದಿನಾನೇ ಸ್ವೀಟ್ ಹಂಚ್ತಾರಲ್ಲ, ಎಂಥ ಜನ ಇವ್ರು” ಎಂದು ವಾಪಸು ಕಳಿಸಿದರು. ಮುಂದೆ ಅವರ ಷೇರು ಬಿದ್ದಾಗ ಅಪ್ಪ ಖುದ್ದಾಗಿ ಫೋನ್ ಮಾಡಿ, “ಏನ್ ಬೀಗ್ರೇ, ಊಟ ಸೇರ್ತಾ?” ಎಂದು ವಿಚಾರಿಸಿದರು. ಅಲ್ಲಿಗೆ ಮಾತುಕತೆ ನಿಂತಿತು. ಕೇಸು ಮುಗಿಯುವ ತನಕ ಛತ್ರ ಬುಕ್ ಮಾಡುವುದಿಲ್ಲ ಎಂದು ಇಬ್ಬರೂ ಪಟ್ಟು ಹಿಡಿದಿದ್ದಾರೆ. ಸದ್ಯಕ್ಕೆ ಅವರಿಬ್ಬರಿಗೂ ಒಮ್ಮತವಿರುವುದು ಇದೊಂದರಲ್ಲೇ.

ಹುಡುಗ ಪ್ರೇಮ್‌ಕುಮಾರ್ ಮೊನ್ನೆ ಇಂದಿರಾನಗರದ ಮೆಟ್ರೊ ನಿಲ್ದಾಣದ ಕೆಳಗೆ ಸಿಕ್ಕಿದ್ದರು. “ಯಾರಾದ್ರೂ ಗೆಲ್ಲಲಿ ಕಣೇ ಭವ್ಯ, ಬೇಗ ಗೆಲ್ಲಲಿ” ಎಂದರು. ಆ ಬ್ಯಾಟರಿ ಹೇಗೆ ತಣ್ಣಗಾಗುತ್ತದೋ ನಮಗೂ ಗೊತ್ತಿಲ್ಲ, ನಮ್ಮ ಅಪ್ಪಂದಿರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದಿಷ್ಟೇ. ಆ ಹುಡುಗ ನನಗೆ ತುಂಬ ಇಷ್ಟ, ಮಾನ್ಯರೇ.

ಆದ್ದರಿಂದ ಆಷಾಢ ಕಾಲಿಡುವ ಮೊದಲು ಆದೇಶ ಕೊಡಿ. ಯಾರ ಪರವಾಗಿಯಾದರೂ ಸರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿ: ‘ಗೆದ್ದ ಕಡೆಯ ಬೀಗರು ಸೋತವರ ಮನೆಗೆ ತಾವಾಗಿಯೇ ಹೋಗಿ ಊಟ ಮಾಡತಕ್ಕದ್ದು.’ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಎನ್ನುತ್ತೀರಿ, ಗೊತ್ತು. ಆದರೆ ನಾನು ಹೇಳಿದರೆ ಇಬ್ಬರೂ ಕೇಳುವುದಿಲ್ಲ. ತಾವು ಕೆಮ್ಮಿದರೂ ಕೇಳುತ್ತಾರೆ.

ಇಂತಿ,
ತಾಂಬೂಲ ಬದಲಾಯಿಸಿಕೊಂಡೂ ತವರಲ್ಲೇ ಉಳಿದಿರುವ,
ಯಾವ ಕಂಪನಿಯಲ್ಲೂ ಒಂದು ಷೇರೂ ಇಲ್ಲದ
ಭವ್ಯ, ಕೆ.ಆರ್. ಪುರ